ರಾಲ್ಫ್ ಟೀಟರ್

ರಾಲ್ಫ್ ರೋ ಟೀಟರ್ (17 ಆಗಸ್ಟ್ 1890 – 15 ಫೆಬ್ರುವರಿ 1982) ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದ ಮೆಕ್ಯಾನಿಕಲ್ ಎಂಜಿನಿಯರ್, ಸಂಶೋಧಕ ಹಾಗೂ ಉದ್ಯಮಿ. ಮೋಟಾರು ಕಾರಿನ ವೇಗವನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ, ಇಂದು ಕ್ರೂಸ್ ಕಂಟ್ರೋಲ್ ಎಂದು ಕರೆಯಲಾಗುವ ಸಾಧನದ ಜನಕರೆಂದು ಅವರನ್ನು ಗುರುತಿಸಲಾಗುತ್ತದೆ. ಈ ಸಾಧನಕ್ಕೆ 1950ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳ ಮೂಲಕ ಅದು ಗ್ರಾಹಕರನ್ನು ತಲುಪಿತು. 1973ರ ತೈಲ ಬಿಕ್ಕಟ್ಟಿನ ತರುವಾಯ ಇಂಧನ ಉಳಿಸುವ ಉಪಾಯವೆಂದು ಅದು ಹೆಸರಾಯಿತು. ಟೀಟರ್ ಐದನೆಯ ವಯಸ್ಸಿನಲ್ಲಿಯೇ ಕಣ್ಣಿಗೆ ಪೆಟ್ಟು ಬಿದ್ದು ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡಿದ್ದರು. ಎಂಜಿನ್ನಿನ ಪಿಸ್ಟನ್ ರಿಂಗ್ ತಯಾರಿಕೆಯಲ್ಲಿಯೂ ಅವರ ಕೊಡುಗೆ ದೊಡ್ಡದು. ಕ್ರೂಸ್ ಕಂಟ್ರೋಲಿನ ಕೀರ್ತಿಯಲ್ಲಿ ಅದು ಬಹುಮಟ್ಟಿಗೆ ಮರೆಯಾಗಿದೆ.

ಹುಟ್ಟೂರು ಮತ್ತು ಮನೆತನ

ಟೀಟರ್ ಹುಟ್ಟಿದ್ದು ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ಟೀಟರ್, ತಾಯಿ ಕ್ಯಾಥರೀನ್. ತಂದೆಯೂ ಚಿಕ್ಕಪ್ಪ ದೊಡ್ಡಪ್ಪಂದಿರೂ ಯಂತ್ರಗಳ ಕೆಲಸದಲ್ಲಿ ನುರಿತವರು. ಅವರಲ್ಲೊಬ್ಬರಾದ ಚಾರ್ಲ್ಸ್ ಟೀಟರ್ ರೈಲು ಹಳಿಗಳ ಮೇಲೆ ತುಳಿದುಕೊಂಡು ಹೋಗಬಹುದಾದ ಒಂದು ಸೈಕಲ್ಲನ್ನು ರೂಪಿಸಿದ್ದರು. ನಮ್ಮಲ್ಲಿ ಹಳಿ ಪರೀಕ್ಷಿಸುವ ಸಿಬ್ಬಂದಿ ಟ್ರಾಲಿಯನ್ನು ತಳ್ಳಿಕೊಂಡು ಹೋಗುವುದನ್ನು ಕಂಡವರಿಗೆ ಇದರ ಉಪಯೋಗ ಸುಲಭವಾಗಿ ತಿಳಿಯುತ್ತದೆ. ಈ ರೈಲ್ವೆ ಸೈಕಲ್ಲನ್ನು ತಯಾರಿಸಲೆಂದೇ ಕುಟುಂಬವು 1895ರಲ್ಲಿ ಒಂದು ಕಂಪನಿಯನ್ನು ಆರಂಭಿಸಿತು. ಬರಬರುತ್ತಾ ಸೈಕಲ್ಲಿಗೆ ಪೆಟ್ರೋಲ್ ಎಂಜಿನ್ ಬಂದಿತು, ಎಂಜಿನ್ ತಯಾರಿಕೆಯೇ ಮುಖ್ಯ ಉದ್ಯೋಗವಾಯಿತು. ಮನೆಗೂ ಕಾರ್ಖಾನೆಗೂ ಅಂತರವಿಲ್ಲದ ಇಂಥ ವಾತಾವರಣದಲ್ಲಿ ರಾಲ್ಫ್ ಬೆಳೆದರು.

ಐದು ವರ್ಷದ ಬಾಲಕನಾಗಿದ್ದಾಗ ಚಾಕು ಜಾರಿ ಅವರ ಒಂದು ಕಣ್ಣಿಗೆ ಚುಚ್ಚಿತು. ಒಂದು ವರ್ಷದೊಳಗೆ ಇನ್ನೊಂದು ಕಣ್ಣೂ ಹೋಯಿತು. ಗಾಯವಾದ ಕಣ್ಣಿನಿಂದಾಗಿ ಗಾಯವಾಗದ ಕಣ್ಣಿನಲ್ಲಿಯೂ ಉರಿಯೂತ ಉಂಟಾಗುವ ಈ ಸ್ಥಿತಿ ವೈದ್ಯರಿಗೆ ಆಗಲೇ ಪರಿಚಿತವಾಗಿತ್ತು. ಆದರೆ ಅದನ್ನು ತಡೆಯುವ ಔಷಧಿಗಳು ಆ ಕಾಲದಲ್ಲಿ ಇರಲಿಲ್ಲ.

ತಂದೆ ತಾಯಿಗಳು ಇದಾದ ಮೇಲೆ ಕೈಗೊಂಡ ನಿಲುವು ಟೀಟರ್ ಅವರ ಇಡೀ ಜೀವನವನ್ನು ರೂಪಿಸಿತೆನ್ನಬೇಕು. ಮಗನ ಕುರುಡುತನದ ಮಾತನ್ನು ಮನೆಯಲ್ಲಿ ಎತ್ತದಿರಲು ಅವರು ನಿಶ್ಚಯಿಸಿದರು. ಊರಿನ ಇತರ ಮಕ್ಕಳೊಡನೆ ಅದೇ ಶಾಲೆಗೆ ಕಳುಹಿಸಿದರು. ಕಾರ್ಖಾನೆಯಲ್ಲಿ ತಿರುಗುವ ಯಂತ್ರಗಳ ನಡುವೆ ಓಡಾಡುವುದನ್ನೂ ಉಪಕರಣಗಳನ್ನು ಹಿಡಿದು ಕೆಲಸ ಮಾಡುವುದನ್ನೂ ತಡೆಯಲಿಲ್ಲ. ಮಗನಿಗೆ ಒಮ್ಮೆ ಅಪಾಯವಾದ ಮೇಲೂ ಮತ್ತೆ ಅಂಥದೇ ಉಪಕರಣಗಳನ್ನು ಅವನ ಕೈಗೆ ಕೊಡುವುದು ಯಾವ ತಂದೆ ತಾಯಿಗೂ ಸುಲಭದ ನಿರ್ಧಾರವಲ್ಲ. ಬಾಲಕ ರಾಲ್ಫ್ ಬೆರಳುಗಳಿಂದ ಮುಟ್ಟಿ, ಕಿವಿಯಿಂದ ಕೇಳಿ ಯಂತ್ರದ ಒಳಗನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದನ್ನು ಕಲಿತರು. 1902ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಒಂದು ಮೋಟಾರು ಗಾಡಿಯನ್ನೇ ಕಟ್ಟಿ ನಿಲ್ಲಿಸಿದರು. ಆಗ ಅಮೆರಿಕದಲ್ಲಿಯೂ ಮೋಟಾರು ಕಾರು ಅಪರೂಪದ ವಸ್ತುವಾಗಿತ್ತು. ಫೋರ್ಡ್ ಕಂಪನಿ ಸ್ಥಾಪನೆಯಾದದ್ದು ಅದರ ಮರುವರ್ಷ.

ಶಿಕ್ಷಣ

ಎಂಜಿನಿಯರಿಂಗ್ ಓದುವ ಅವರ ಬಯಕೆಗೆ ಮೊದಲು ಅಡ್ಡಿಗಳು ಎದುರಾದವು. ಕಣ್ಣು ಕಾಣದ ವಿದ್ಯಾರ್ಥಿಯು ನಕ್ಷೆ ಬಿಡಿಸುವುದು, ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವುದು ಅಸಾಧ್ಯವೆಂದು ವಿಶ್ವವಿದ್ಯಾಲಯಗಳು ಭಾವಿಸಿದ್ದವು. ಕೊನೆಗೆ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. ಅಲ್ಲಿಯೇ ಓದುತ್ತಿದ್ದ ಹತ್ತಿರದ ಸಂಬಂಧಿಯೊಬ್ಬರು ಪ್ರವೇಶಕ್ಕೂ ಪಠ್ಯಗಳನ್ನು ಓದಿ ಹೇಳುವುದಕ್ಕೂ ನೆರವಾದರು. ಇತರರು ಹಾಳೆಯ ಮೇಲೆ ಮಾಡುತ್ತಿದ್ದ ಲೆಕ್ಕಗಳನ್ನು ಟೀಟರ್ ಮನಸ್ಸಿನಲ್ಲಿಯೇ ಇರಿಸಿಕೊಂಡು ಬಿಡಿಸುತ್ತಿದ್ದರು. 1912ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಊರಿಗೆ ಹಿಂದಿರುಗಿದರು. ಉದ್ಯಮದಲ್ಲಿ ನೆಲೆಯೂರಿದ ಎಷ್ಟೋ ವರ್ಷಗಳ ಮೇಲೆ, 1930ರಲ್ಲಿ, ಅದೇ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ಟರ್ಬೈನ್ ಸಮತೋಲನ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟೀಟರ್ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡನ್‌ನಲ್ಲಿದ್ದ ನ್ಯೂಯಾರ್ಕ್ ಶಿಪ್‌ಬಿಲ್ಡಿಂಗ್ ಕಂಪನಿಯಲ್ಲಿ ಕೆಲಸ ಮಾಡಿದರು. ನೌಕಾಪಡೆಯ ಡಿಸ್ಟ್ರಾಯರ್ ಹಡಗುಗಳಿಗೆ ಅಳವಡಿಸುವ ಉಗಿ ಟರ್ಬೈನುಗಳ ರೋಟರ್, ಅಂದರೆ ತಿರುಗುವ ಭಾಗ, ಅತಿ ವೇಗದಲ್ಲಿ ನಡುಗುತ್ತಿತ್ತು. ಒಂದು ರೆಕ್ಕೆ ತುಸು ಬಾಗಿದ ಸೀಲಿಂಗ್ ಫ್ಯಾನು ನಿಧಾನವಾಗಿ ತಿರುಗುವಾಗ ಸುಮ್ಮನಿದ್ದು ವೇಗ ಹೆಚ್ಚಿಸಿದೊಡನೆ ಓಲಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ಟರ್ಬೈನಿನ ಸಮಸ್ಯೆಯೂ ಅದೇ. ಆದರೆ ಅಲ್ಲಿ ತೂಕವೂ ವೇಗವೂ ಎಷ್ಟೋ ಪಟ್ಟು ಹೆಚ್ಚು. ಯಾವ ಬದಿಯಲ್ಲಿ ಎಷ್ಟು ತೂಕ ಹೆಚ್ಚಾಗಿದೆ ಎಂಬುದನ್ನು ಗುರುತಿಸಿ ಸರಿಪಡಿಸದಿದ್ದರೆ ಬೇರಿಂಗುಗಳು ಸವೆದು ಯಂತ್ರವೇ ಒಡೆಯಬಹುದು. ಕಂಪನವನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಇನ್ನೂ ಬಳಕೆಗೆ ಬಂದಿರದ ಆ ದಿನಗಳಲ್ಲಿ ಟೀಟರ್ ತಮ್ಮ ಬೆರಳುಗಳ ಸ್ಪರ್ಶಜ್ಞಾನವನ್ನೂ ಎಂಜಿನಿಯರಿಂಗ್ ತರಬೇತಿಯನ್ನೂ ಬಳಸಿ ರೋಟರುಗಳನ್ನು ಸಮತೋಲನಕ್ಕೆ ತರುವ ವಿಧಾನವನ್ನು ರೂಪಿಸಿದರು. ಈ ಕೆಲಸವೇ ಅವರಿಗೆ ಎಂಜಿನಿಯರುಗಳ ವಲಯದಲ್ಲಿ ಮೊದಲ ಮನ್ನಣೆ ತಂದಿತು.

ಪಿಸ್ಟನ್ ರಿಂಗ್ ಉದ್ಯಮ

ಯುದ್ಧ ಮುಗಿಯುವ ಹೊತ್ತಿಗೆ ಕುಟುಂಬದ ವ್ಯವಹಾರ ಬದಲಾಗಿತ್ತು. 1918ರಲ್ಲಿ ಎಂಜಿನ್ ತಯಾರಿಕೆಯನ್ನು ಬೇರೆಯವರಿಗೆ ಮಾರಿ ಪಿಸ್ಟನ್ ರಿಂಗ್ ವಿಭಾಗವನ್ನು ಮಾತ್ರ ಉಳಿಸಿಕೊಳ್ಳಲಾಗಿತ್ತು. ಈ ಸಂಸ್ಥೆಯೇ ಮುಂದೆ ಪರ್ಫೆಕ್ಟ್ ಸರ್ಕಲ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಭಾರತದ ಬಿಡಿಭಾಗಗಳ ಅಂಗಡಿಗಳಲ್ಲಿಯೂ ಈ ಹೆಸರು ಹಳೆಯ ಮೆಕ್ಯಾನಿಕ್‌ಗಳಿಗೆ ಪರಿಚಿತ.

ಎಂಜಿನ್ನಿನ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಚಲಿಸುವ ಪಿಸ್ಟನ್ನಿಗೆ ಬಳೆಯಂತೆ ತೊಡಿಸುವ ಲೋಹದ ಉಂಗುರವೇ ಪಿಸ್ಟನ್ ರಿಂಗ್. ಮೇಲಿನ ರಿಂಗುಗಳು ಉರಿದ ಅನಿಲ ಕೆಳಕ್ಕೆ ಸೋರಿ ಶಕ್ತಿ ನಷ್ಟವಾಗದಂತೆ ತಡೆಯುತ್ತವೆ. ಕೆಳಗಿನದು ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯನ್ನು ಒರೆಸಿ ಕೆಳಕ್ಕೆ ಕಳುಹಿಸುತ್ತದೆ. ರಿಂಗು ಸವೆದ ವಾಹನದ ಹೊಗೆ ನೀಲಿಯಾಗುತ್ತದೆ. ಗಾಡಿ ಆಯಿಲ್ ಕುಡಿಯುತ್ತಿದೆ ಎಂದು ಗ್ಯಾರೇಜಿನವರು ಹೇಳುವುದು ಇಂಥ ವಾಹನವನ್ನೇ. 1920ರ ದಶಕದವರೆಗೂ ಕಾರುಗಳು ಎಣ್ಣೆಯನ್ನು ಧಾರಾಳವಾಗಿ ಸುಡುತ್ತಿದ್ದವು. ಎಣ್ಣೆಯನ್ನು ನಿಯಂತ್ರಿಸುವ ರಿಂಗುಗಳನ್ನು ಉತ್ತಮಗೊಳಿಸಿ ಈ ಪೋಲನ್ನು ತಗ್ಗಿಸಿದ್ದು ಪರ್ಫೆಕ್ಟ್ ಸರ್ಕಲ್ ಸಂಸ್ಥೆಯ ಮುಖ್ಯ ಸಾಧನೆ. ಆ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದ ಹೊಣೆ ಟೀಟರ್ ಅವರದಾಗಿತ್ತು. 1946ರಿಂದ 1957ರವರೆಗೆ ಅವರು ಸಂಸ್ಥೆಯ ಅಧ್ಯಕ್ಷರಾಗಿದ್ದರು.

1936ರಲ್ಲಿ ಅವರು ಮೋಟಾರು ಎಂಜಿನಿಯರುಗಳ ರಾಷ್ಟ್ರೀಯ ಸಂಘವಾದ ಸೊಸೈಟಿ ಆಫ್ ಆಟೊಮೋಟಿವ್ ಎಂಜಿನಿಯರ್ಸ್‌ನ ಅಧ್ಯಕ್ಷರಾದರು. ಯುವಕರನ್ನು ಈ ವೃತ್ತಿಗೆ ಸೆಳೆಯುವುದರಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಎಂಜಿನಿಯರಿಂಗ್ ಕಲಿಸುವ ಅಧ್ಯಾಪಕರಿಗೆ ಆ ಸಂಘವು ಇಂದಿಗೂ ಟೀಟರ್ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತದೆ. 1922ರಲ್ಲಿ ಅವರು ನೆಲ್ಲಿ ವ್ಯಾನ್ ಆಂಟ್‌ವರ್ಪ್ ಅವರನ್ನು ವಿವಾಹವಾಗಿದ್ದರು. ದಂಪತಿಗೆ ಒಬ್ಬ ಮಗಳು.

ವೇಗ ನಿಯಂತ್ರಕದ ಹುಟ್ಟು

ಕ್ರೂಸ್ ಕಂಟ್ರೋಲಿನ ಹುಟ್ಟಿನ ಬಗ್ಗೆ ಎಲ್ಲೆಡೆಯೂ ಹೇಳಲಾಗುವ ಪ್ರಸಂಗವೊಂದಿದೆ. ಟೀಟರ್ ಅವರ ಗೆಳೆಯರೂ ಪೇಟೆಂಟ್ ವಕೀಲರೂ ಆಗಿದ್ದ ಹ್ಯಾರಿ ಲಿಂಡ್ಸೆ ಕಾರು ನಡೆಸುವಾಗ ತಾವು ಮಾತನಾಡತೊಡಗಿದರೆ ವೇಗವನ್ನು ತಗ್ಗಿಸುತ್ತಿದ್ದರು, ಕೇಳತೊಡಗಿದರೆ ಹೆಚ್ಚಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ಟೀಟರ್ ಅವರಿಗೆ ಈ ಎಳೆದಾಟದಿಂದ ಬಹಳ ಕಿರಿಕಿರಿಯಾಗುತ್ತಿತ್ತು. ಕಣ್ಣು ಕಾಣುವ ಪ್ರಯಾಣಿಕನು ಹೊರಗಿನ ನೋಟದಲ್ಲಿ ಮೈಮರೆತು ಗಮನಿಸದೇ ಹೋಗಬಹುದಾದ ವೇಗದ ಏರಿಳಿತ ಅವರ ಮೈಗೆ ನೇರವಾಗಿ ತಾಗುತ್ತಿತ್ತು.

ಪ್ರಸಂಗ ಸ್ವಾರಸ್ಯಕರವಾದದ್ದರಿಂದ ಮಿಕ್ಕ ಕಾರಣಗಳು ಹಿಂದೆ ಸರಿದಿವೆ. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದವು. ಅಮೆರಿಕದಲ್ಲಿ ಟಯರಿಗೆ ಬರ ಬಂದಿತು. ಟಯರು ಮತ್ತು ಪೆಟ್ರೋಲನ್ನು ಉಳಿಸಲು 1942ರಲ್ಲಿ ದೇಶದಾದ್ಯಂತ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್, ವೇಗಮಿತಿಯನ್ನು ವಿಧಿಸಲಾಯಿತು. ತೆರೆದ ಹೆದ್ದಾರಿಯಲ್ಲಿ ಇಷ್ಟು ನಿಧಾನವಾಗಿ ಓಡಿಸುವುದು ಚಾಲಕರಿಗೆ ಅಭ್ಯಾಸವಿರಲಿಲ್ಲ. ಕಾಲು ತಾನಾಗಿ ಪೆಡಲನ್ನು ಒತ್ತಿಬಿಡುತ್ತಿತ್ತು. ನಿಗದಿಯಾದ ವೇಗ ಮೀರಿದೊಡನೆ ಚಾಲಕನಿಗೆ ತಿಳಿಸುವ ಒಂದು ಸಾಧನವಿದ್ದರೆ ಅಪಘಾತವೂ ತಗ್ಗುತ್ತದೆ, ಇಂಧನವೂ ಉಳಿಯುತ್ತದೆ ಎಂಬ ವಿಚಾರಕ್ಕೆ ಆ ದಿನಗಳು ಅನುಕೂಲವಾಗಿದ್ದವು. ಹಲವು ವರ್ಷಗಳ ಪ್ರಯೋಗದ ಬಳಿಕ 22 ಆಗಸ್ಟ್ 1950ರಂದು ಟೀಟರ್ ಅವರಿಗೆ ಪೇಟೆಂಟ್ ಮಂಜೂರಾಯಿತು.

ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ತತ್ತ್ವ ಇದಕ್ಕಿಂತ ಬಹಳ ಹಳೆಯದೆಂಬುದನ್ನು ಇಲ್ಲಿ ಹೇಳಬೇಕು. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಗವರ್ನರ್ ಅಳವಡಿಸಿದ್ದರು. ತಿರುಗುವ ದಂಡಕ್ಕೆ ಜೋಡಿಸಿದ ಎರಡು ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು, ವೇಗ ತಗ್ಗಿದಾಗ ಒಳಕ್ಕೆ ಸರಿದು ದಾರಿಯನ್ನು ತೆರೆಯುತ್ತಿದ್ದವು. ವಿದ್ಯುತ್ತು ಬಾರದ ಕಾಲದಲ್ಲಿ ಕುಷ್ಟಗಿ, ಯಲಬುರ್ಗಾದಂತಹ ಊರುಗಳ ಹಿಟ್ಟಿನ ಗಿರಣಿಗಳನ್ನು ಆಯಿಲ್ ಇಂಜಿನ್ನುಗಳೇ ನಡೆಸುತ್ತಿದ್ದವು. ಗಿರಣಿಯ ಬಾಯಿಗೆ ಒಮ್ಮೆಲೇ ಜೋಳ ಸುರಿದಾಗ ಇಂಜಿನ್ನಿನ ಸದ್ದು ಕುಗ್ಗಿ ಮರುಕ್ಷಣವೇ ಮತ್ತೆ ಚೇತರಿಸಿಕೊಳ್ಳುತ್ತಿದ್ದುದು ಇದೇ ಗವರ್ನರಿನ ಕೆಲಸ. 1910ರ ಸುಮಾರಿಗೆ ಅಮೆರಿಕದ ಪೀರ್‌ಲೆಸ್ ಕಂಪನಿ ತನ್ನ ಕಾರುಗಳಲ್ಲಿಯೂ ಗುಂಡಿನ ಗವರ್ನರನ್ನು ಬಳಸಿತ್ತು. ಆದ್ದರಿಂದ ವೇಗ ನಿಯಂತ್ರಣದ ಕಲ್ಪನೆಯನ್ನೇ ಟೀಟರ್ ಮೊದಲು ಕಂಡರೆನ್ನುವುದು ಸರಿಯಲ್ಲ. ರಸ್ತೆಯ ಮೇಲಿನ ಕಾರಿಗೂ ಅದನ್ನು ನಡೆಸುವ ಮನುಷ್ಯನಿಗೂ ಒಪ್ಪುವಂತೆ ಅದನ್ನು ಮಾರ್ಪಡಿಸಿದ ಕೀರ್ತಿ ಅವರದು.

ಸಾಧನದ ರಚನೆ

ಟೀಟರ್ ಅವರ ಮೊದಲ ವಿನ್ಯಾಸ ಇಂದಿನ ಕ್ರೂಸ್ ಕಂಟ್ರೋಲಿಗಿಂತ ಭಿನ್ನವಾಗಿತ್ತು. ಪೇಟೆಂಟಿನ ಶೀರ್ಷಿಕೆಯೇ ಇದನ್ನು ಆಕ್ಸಿಲರೇಟರಿನ ತುಳಿತಕ್ಕೆ ಪ್ರತಿರೋಧ ಒಡ್ಡುವ ಸಾಧನವೆಂದು ವರ್ಣಿಸುತ್ತದೆ. ಚಾಲಕನು ಡ್ಯಾಶ್‌ಬೋರ್ಡಿನಲ್ಲಿ ತನಗೆ ಬೇಕಾದ ವೇಗವನ್ನು ಆರಿಸಿಕೊಳ್ಳುತ್ತಿದ್ದನು. ಗಾಲಿಗಳಿಗೆ ಶಕ್ತಿ ಒಯ್ಯುವ ದಂಡದ ತಿರುಗುವಿಕೆಯಿಂದ ಗವರ್ನರ್ ಚಲಿಸುತ್ತಿತ್ತು. ಆರಿಸಿದ ವೇಗ ಬಂದಾಗ ಗವರ್ನರಿನ ಬಲವು ಸ್ಪ್ರಿಂಗಿನ ಬಿಗಿತವನ್ನು ಮೀರುತ್ತಿತ್ತು. ಆಗ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಒಂದು ಪಿಸ್ಟನ್ ಆಕ್ಸಿಲರೇಟರ್ ಪೆಡಲನ್ನು ಮೇಲಕ್ಕೆ ಒತ್ತುತ್ತಿತ್ತು. ಚಾಲಕನ ಪಾದಕ್ಕೆ ಪೆಡಲು ಗಟ್ಟಿಯಾದಂತೆ ತೋರುತ್ತಿತ್ತು. ಮುಂದಿನ ವಾಹನವನ್ನು ದಾಟಬೇಕಾದಾಗ ಹೆಚ್ಚು ಬಲ ಹಾಕಿ ತುಳಿದರೆ ಸಾಕು, ಕಾರು ಮುನ್ನುಗ್ಗುತ್ತಿತ್ತು.

ವೇಗವನ್ನು ಕಣ್ಣಿನಿಂದ ಓದಲು ಸ್ಪೀಡೋಮೀಟರ್ ಮೊದಲೇ ಇದ್ದಿತು. ಟೀಟರ್ ಅದೇ ಸಂಗತಿಯನ್ನು ಪಾದಕ್ಕೆ ತಿಳಿಯುವಂತೆ ಮಾಡಿದರು. ಟರ್ಬೈನಿನ ಕಂಪನವನ್ನು ಬೆರಳಿನಿಂದ ಅಳೆದಿದ್ದವರಿಗೆ ಈ ದಾರಿ ಸಹಜವಾಗಿ ಹೊಳೆದಿರಬಹುದು.

ಪೆಡಲಿನ ಮೇಲಿಂದ ಕಾಲು ತೆಗೆದರೂ ವೇಗ ಉಳಿಯುವಂತೆ ಮಾಡುವ ಭಾಗ ನಂತರ ಸೇರಿತು. ವಿದ್ಯುತ್ಕಾಂತದ ನೆರವಿನಿಂದ ಆಕ್ಸಿಲರೇಟರನ್ನು ಹಿಡಿದಿಡುವ ಏರ್ಪಾಡು ಇದು. ಬ್ರೇಕ್ ತುಳಿದ ಕೂಡಲೇ ಹಿಡಿತ ಬಿಟ್ಟುಹೋಗುತ್ತದೆ. ಗ್ರಾಹಕರಿಗೆ ಮೆಚ್ಚುಗೆಯಾದದ್ದು ಈ ಅನುಕೂಲವೇ. ಸಾಧನ ಮಾರುಕಟ್ಟೆಯಲ್ಲಿ ಗೆದ್ದದ್ದು ಇದರಿಂದ. ಆದರೆ ಇಂಧನದ ದೃಷ್ಟಿಯಿಂದ ಮೊದಲನೆಯದಕ್ಕೂ ಎರಡನೆಯದಕ್ಕೂ ಮಹತ್ವದ ವ್ಯತ್ಯಾಸವಿದೆ. ಅದನ್ನು ಮುಂದೆ ವಿವರಿಸಲಾಗಿದೆ.

ಮಾರುಕಟ್ಟೆಗೆ

ಕಂಪನಿಯು ಈ ಸಾಧನಕ್ಕೆ ಕಂಟ್ರೋಲ್‌ಮ್ಯಾಟಿಕ್, ಟಚೋಮ್ಯಾಟಿಕ್, ಪ್ರೆಸ್ಸೋಮ್ಯಾಟಿಕ್ ಮುಂತಾದ ಹೆಸರುಗಳನ್ನು ಪರೀಕ್ಷಿಸಿ ಕೊನೆಗೆ ಸ್ಪೀಡೋಸ್ಟ್ಯಾಟ್ ಎಂಬುದನ್ನು ಆರಿಸಿಕೊಂಡಿತು. 1958ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್, ನ್ಯೂಯಾರ್ಕರ್ ಮತ್ತು ವಿಂಡ್ಸರ್ ಮಾದರಿಗಳಲ್ಲಿ ಹೆಚ್ಚುವರಿ ಬೆಲೆಗೆ ದೊರೆಯುವ ಸೌಲಭ್ಯವಾಗಿ ಇದನ್ನು ಅಳವಡಿಸಿ ಆಟೋ ಪೈಲಟ್ ಎಂದು ಕರೆಯಿತು. ಕ್ರೂಸ್ ಕಂಟ್ರೋಲ್ ಎಂಬ ಹೆಸರು ಬಂದದ್ದು ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಕಾರುಗಳಿಂದ. ಲೋಕದಲ್ಲಿ ಉಳಿದದ್ದು ಆ ಹೆಸರೇ.

ತೈಲ ಬಿಕ್ಕಟ್ಟು ಮತ್ತು ಇಂಧನ ಉಳಿತಾಯ

ಮೊದಲ ಹದಿನೈದು ವರ್ಷ ಇದು ದುಬಾರಿ ಕಾರುಗಳ ಭೂಷಣವಾಗಿಯೇ ಇತ್ತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಸರಬರಾಜನ್ನು ತಡೆಹಿಡಿದವು. 1974ರ ಆರಂಭದಲ್ಲಿ ಅಮೆರಿಕ ಸರ್ಕಾರ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್, ವೇಗಮಿತಿಯನ್ನು ಕಾನೂನಾಗಿಸಿತು. ಮಿತಿಯೊಳಗೆ ಉಳಿಯಲೂ ಪೆಟ್ರೋಲ್ ಉಳಿಸಲೂ ಅನುಕೂಲವೆಂದು ಕ್ರೂಸ್ ಕಂಟ್ರೋಲಿಗೆ ಬೇಡಿಕೆ ಹೆಚ್ಚಿತು. ಆಗ ಟೀಟರ್ ಅವರಿಗೆ ಎಂಬತ್ತಮೂರು ವರ್ಷ.

ಈ ಸಾಧನ ನಿಜವಾಗಿ ಇಂಧನ ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಇಷ್ಟು ಶೇಕಡಾ ಉಳಿತಾಯ ಖಚಿತವೆಂದು ಹೇಳುವ ಜಾಹೀರಾತುಗಳನ್ನು ಎಚ್ಚರಿಕೆಯಿಂದ ಓದಬೇಕು. ಕಾರಿನ ವೇಗವನ್ನು ಹೆಚ್ಚಿಸಿ ಮತ್ತೆ ಬ್ರೇಕ್ ಹಾಕಿದರೆ, ವೇಗ ಹೆಚ್ಚಿಸಲು ಸುಟ್ಟ ಪೆಟ್ರೋಲಿನ ಶಕ್ತಿಯು ಬ್ರೇಕಿನಲ್ಲಿ ಬರಿಯ ಶಾಖವಾಗಿ ಹೋಗುತ್ತದೆ. ಸಮತಟ್ಟಾದ, ತಡೆಯಿಲ್ಲದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಈ ನಷ್ಟವನ್ನು ತಪ್ಪಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅರಿವಿಲ್ಲದೆ ವೇಗ ಏರುವುದನ್ನು ತಡೆಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಿಂದ 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ, ಆದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಹೀಗಾಗಿ 80ಕ್ಕೆ ನಿಲ್ಲಿಸಿದ ಕ್ರೂಸ್ ಕಂಟ್ರೋಲ್ ಉಳಿಸುತ್ತದೆ. ಅದನ್ನೇ 110ಕ್ಕೆ ನಿಲ್ಲಿಸಿಕೊಂಡು ಉಳಿತಾಯ ನಿರೀಕ್ಷಿಸುವುದು ವ್ಯರ್ಥ.

ಏರಿಳಿತದ ರಸ್ತೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಏರಿನಲ್ಲಿಯೂ ನಿಗದಿತ ವೇಗವನ್ನು ಬಿಡಬಾರದೆಂದು ಸಾಧನವು ಥ್ರಾಟಲನ್ನು ಅಗಲವಾಗಿ ತೆರೆಯುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು ಕೆಳಗಿನ ಗೇರಿಗೆ ಇಳಿದು ಭೋರ್ಗರೆಯುತ್ತದೆ. ಏರಿನ ತುದಿ ದಾಟಿದ ಮೇಲೆ ಇಳುಕಲಿನಲ್ಲಿ ವೇಗ ಮಿತಿಮೀರುತ್ತದೆ, ಬ್ರೇಕ್ ಹಾಕಬೇಕಾಗುತ್ತದೆ. ಅನುಭವಿ ಚಾಲಕನು ಹೀಗೆ ಮಾಡುವುದಿಲ್ಲ. ಏರಿನಲ್ಲಿ ವೇಗ ಸ್ವಲ್ಪ ತಗ್ಗಲು ಬಿಟ್ಟು ಇಳುಕಲಿನಲ್ಲಿ ಅದನ್ನು ಪುಕ್ಕಟೆಯಾಗಿ ಮರಳಿ ಪಡೆಯುತ್ತಾನೆ. ಟೀಟರ್ ಅವರ ಮೊದಲ ವಿನ್ಯಾಸದಲ್ಲಿ ಇದಕ್ಕೆ ಅವಕಾಶವಿತ್ತು. ಪ್ರತಿರೋಧ ಒಡ್ಡುವ ಪೆಡಲು ವೇಗದ ಮೇಲ್ಮಿತಿಯನ್ನು ಮಾತ್ರ ಕಾಯುತ್ತಿತ್ತು. ಏರಿನಲ್ಲಿ ಎಷ್ಟು ತಗ್ಗಬೇಕೆಂಬುದು ಚಾಲಕನ ಕಾಲಿಗೇ ಬಿಟ್ಟ ವಿಷಯವಾಗಿತ್ತು. ಕಾಲಿಗೆ ಪೂರ್ಣ ವಿಶ್ರಾಂತಿ ಕೊಟ್ಟ ನಂತರದ ರೂಪದಲ್ಲಿ ಈ ವಿವೇಚನೆ ಯಂತ್ರದ ಪಾಲಾಯಿತು.

ನಂತರದ ಮಾರ್ಪಾಡುಗಳು

1968ರಲ್ಲಿ ಡೇನಿಯಲ್ ವಿಸ್ನರ್ ಎಂಬ ಎಂಜಿನಿಯರ್ ಗವರ್ನರಿನ ಗುಂಡುಗಳ ಬದಲು ಎಲೆಕ್ಟ್ರಾನಿಕ್ ಸಂಕೇತಗಳಿಂದ ನಡೆಯುವ ಕ್ರೂಸ್ ಕಂಟ್ರೋಲನ್ನು ರೂಪಿಸಿದರು. ಮುಂದಿನ ಎಲ್ಲ ಬದಲಾವಣೆಗಳಿಗೂ ಇದು ದಾರಿ ಮಾಡಿತು. ಲೆಕ್ಕ ಮಾಡಬಲ್ಲ ಸಾಧನಕ್ಕೆ ಮಿತವ್ಯಯವನ್ನೂ ಕಲಿಸಬಹುದು.

ಇಂಧನ ಉಳಿತಾಯಕ್ಕಾಗಿ ಮಾಡಿರುವ ಮಾರ್ಪಾಡುಗಳ ಮೂಲತತ್ತ್ವ ಸರಳವಾದದ್ದು. ಒಂದೇ ವೇಗವನ್ನು ಬಿಗಿಯಾಗಿ ಹಿಡಿಯುವ ಬದಲು ಮೇಲೆ ಕೆಳಗೆ ಕೆಲವು ಕಿಲೋಮೀಟರುಗಳ ಸಡಿಲಿಕೆ ಕೊಡುವುದು, ಥ್ರಾಟಲನ್ನು ಒಮ್ಮೆಲೇ ತೆರೆಯದೆ ನಿಧಾನವಾಗಿ ತೆರೆಯುವುದು, ಏರಿನಲ್ಲಿ ವೇಗ ಕೊಂಚ ಕುಸಿಯಲು ಬಿಡುವುದು. 2010ರ ದಶಕದಲ್ಲಿ ಸ್ಕಾನಿಯಾ, ವೋಲ್ವೊ ಮೊದಲಾದ ಕಂಪನಿಗಳ ದೊಡ್ಡ ಲಾರಿಗಳಿಗೆ ಉಪಗ್ರಹದಿಂದ ತಾವಿರುವ ಸ್ಥಳವನ್ನು ತಿಳಿದು, ಮುಂದಿರುವ ಏರಿಳಿತವನ್ನು ನಕ್ಷೆಯಿಂದ ಮೊದಲೇ ಅರಿತು ವೇಗವನ್ನು ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಬಂದಿತು. ಏರಿಗೆ ಮುನ್ನ ಕೊಂಚ ವೇಗ ಕೂಡಿಸಿಕೊಳ್ಳುವುದು, ಏರಿನ ತುದಿಯಲ್ಲಿ ಇಂಧನ ಕಡಿಮೆ ಮಾಡಿ ಭಾರದ ಬಲದಿಂದಲೇ ಇಳಿಯುವುದು ಅದರ ಕ್ರಮ. ಹಳೆಯ ಲಾರಿ ಚಾಲಕರು ಅನುಭವದಿಂದ ಮಾಡುತ್ತಿದ್ದುದನ್ನೇ ಯಂತ್ರ ಈಗ ನಕ್ಷೆ ನೋಡಿ ಮಾಡುತ್ತದೆ. ಇನ್ನು ನಿಸ್ಸಾನ್ ಕಂಪನಿ 2009ರಲ್ಲಿ ಬಳಕೆಗೆ ತಂದ ಇಕೋ ಪೆಡಲು, ಚಾಲಕನು ಅಗತ್ಯಕ್ಕಿಂತ ಹೆಚ್ಚು ಒತ್ತಿದಾಗ ಪಾದವನ್ನು ಹಿಂದಕ್ಕೆ ಒತ್ತುತ್ತದೆ. ಟೀಟರ್ ಅವರ 1950ರ ಪೇಟೆಂಟನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ಕಾರುಕೊಂಡವರು ತಾವಾಗಿಯೇ ಕ್ರೂಸ್ ಕಂಟ್ರೋಲನ್ನು ಮಾರ್ಪಡಿಸಲು ಹೋಗುವುದು ಅಪಾಯಕರ. ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಬಿದ್ದರೆ, ಬ್ರೇಕ್ ತುಳಿದಾಗ ಹಿಡಿತ ಬಿಡದಿದ್ದರೆ, ಉಳಿಸಿದ ಪೆಟ್ರೋಲಿಗೆ ಬೆಲೆಯಿಲ್ಲ. ಏರು ಬಂದಾಗ ಗುಂಡಿ ಒತ್ತಿ ಸಾಧನವನ್ನು ನಿಲ್ಲಿಸಿ ಕಾಲಿನಿಂದ ನಡೆಸಿಕೊಂಡು ಹೋದರೆ ಅದೇ ಫಲ ಖರ್ಚಿಲ್ಲದೆ ದೊರೆಯುತ್ತದೆ.

ಭಾರತದ ರಸ್ತೆಗಳಲ್ಲಿ

ಭಾರತದಲ್ಲಿ ಕ್ರೂಸ್ ಕಂಟ್ರೋಲ್ ಸಾಮಾನ್ಯ ಕಾರುಗಳಿಗೆ ಬಂದದ್ದು ಇತ್ತೀಚಿನ ವರ್ಷಗಳಲ್ಲಿ. ಎಲ್ಲ ರಸ್ತೆಗಳಿಗೂ ಇದು ಒಗ್ಗುವುದಿಲ್ಲ ಎಂಬುದಕ್ಕೆ ಕೊಪ್ಪಳ ಜಿಲ್ಲೆಯೊಂದೇ ಸಾಕಷ್ಟು ನಿದರ್ಶನ ಒದಗಿಸುತ್ತದೆ. ಕುಷ್ಟಗಿಯಿಂದ ಹಿಟ್ನಾಳದ ಮೂಲಕ ಹೊಸಪೇಟೆಗೆ ಹೋಗುವ ನಾಲ್ಕು ಪಥಗಳ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಇದನ್ನು ಬಳಸಬಹುದು. ಭತ್ತದ ಸುಗ್ಗಿಯಲ್ಲಿ ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಟ್ರಾಕ್ಟರು, ಲಾರಿಗಳು ಸಾಲುಗಟ್ಟುವ ರಸ್ತೆಗಳಲ್ಲಿ ಇದರಿಂದ ಪ್ರಯೋಜನವಿಲ್ಲ. ಊರಿಗೊಂದು ಹಂಪು, ನಡುವೆ ಕುರಿಹಿಂಡು ಎದುರಾಗುವ ಯಲಬುರ್ಗಾ ಸೀಮೆಯ ಒಳದಾರಿಗಳಲ್ಲಂತೂ ಇದನ್ನು ಮುಟ್ಟದಿರುವುದೇ ಲೇಸು. ಮಳೆಯಿಂದ ತೊಯ್ದ ರಸ್ತೆಯಲ್ಲಿಯೂ ಬಳಸಬಾರದು.

ಲಾರಿ, ಬಸ್ಸುಗಳಿಗೆ ಕಾನೂನಿನಂತೆ ಅಳವಡಿಸುವ ವೇಗ ನಿಯಂತ್ರಕವನ್ನು ಕ್ರೂಸ್ ಕಂಟ್ರೋಲಿನೊಡನೆ ಗೊಂದಲ ಮಾಡಿಕೊಳ್ಳುವುದುಂಟು. ಅದು ವಾಹನವು ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರದಂತೆ ತಡೆಯುತ್ತದೆ ಅಷ್ಟೆ, ವೇಗವನ್ನು ಕಾಯ್ದುಕೊಡುವುದಿಲ್ಲ. ಟೀಟರ್ ಅವರ ಮೊದಲ ವಿನ್ಯಾಸಕ್ಕೆ ಒಂದು ರೀತಿಯಲ್ಲಿ ಅದೇ ಹತ್ತಿರದ ನೆಂಟ.

ಕೊನೆಯ ವರ್ಷಗಳು ಮತ್ತು ಗೌರವಗಳು

ಪರ್ಫೆಕ್ಟ್ ಸರ್ಕಲ್ ಸಂಸ್ಥೆ 1963ರಲ್ಲಿ ಡಾನಾ ಕಾರ್ಪೊರೇಷನ್‌ನಲ್ಲಿ ವಿಲೀನವಾಯಿತು. ನಿವೃತ್ತಿಯ ನಂತರವೂ ಟೀಟರ್ ಯಂತ್ರಗಳ ಗೀಳನ್ನು ಬಿಡಲಿಲ್ಲ. ಹುಲ್ಲು ಕತ್ತರಿಸುವ ಎಂಜಿನ್ ಯಂತ್ರ, ಬೀಗದ ರಚನೆ, ಗಾಳದ ಕೋಲಿನ ಹಿಡಿಕೆ ಮೊದಲಾದ ಬಗೆಬಗೆಯ ವಸ್ತುಗಳನ್ನು ಅವರು ತಮ್ಮ ಜೀವಿತಕಾಲದಲ್ಲಿ ರೂಪಿಸಿದ್ದರು.

ತಮ್ಮ ಕುರುಡುತನವನ್ನು ಮುಂದಿಟ್ಟುಕೊಂಡು ಹೊಗಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಎಂಜಿನಿಯರ್ ಎಂದೇ ಗುರುತಿಸಿಕೊಳ್ಳಲು ಬಯಸಿದರು. ಅವರ ಕುರಿತ ಬಹುತೇಕ ಲೇಖನಗಳು ಅಂಧ ಸಂಶೋಧಕನೆಂಬ ವಿಶೇಷಣದಿಂದಲೇ ಆರಂಭವಾಗಿ ಪಿಸ್ಟನ್ ರಿಂಗಿನ ಮೂವತ್ತಕ್ಕೂ ಹೆಚ್ಚು ವರ್ಷಗಳ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಟೀಟರ್ 15 ಫೆಬ್ರುವರಿ 1982ರಂದು ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ ನಿಧನರಾದರು. 1988ರಲ್ಲಿ ಅವರ ಹೆಸರನ್ನು ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. 1995ರಲ್ಲಿ ಮಗಳು ಮಾರ್ಜೊರಿ ಟೀಟರ್ ಮೇಯರ್ ಬರೆದ ಅವರ ಜೀವನಚರಿತ್ರೆ ಪ್ರಕಟವಾಯಿತು. ಹೇಗರ್ಸ್‌ಟೌನ್ ಸಮೀಪದ ರಿಚ್ಮಂಡ್ ನಗರದ ಅರ್ಲಮ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ನಕ್ಷತ್ರಗಳನ್ನು ತೋರಿಸುವ ತಾರಾಲಯಕ್ಕೆ ರಾಲ್ಫ್ ಟೀಟರ್ ಅವರ ಹೆಸರಿಡಲಾಗಿದೆ.